ಡಿ ಡ್ರೈವ್‌ನಲ್ಲಿದ್ದ ನಾಟಕ

ಭಾವಾ, ನಿಮ್ಮ ನಾಟಕ ತಾನಾಗಿ ಹಾಳಾಗಲಿಲ್ಲ. ನಾನೇ ಅಳಿಸಿದೆ — ಗೊತ್ತಿದ್ದೂ, ಹಾಡುಹಗಲಲ್ಲಿ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ, ಈಗ ಬಿಡುತ್ತಿದ್ದೇನೆ. ಅಳುತ್ತ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಮೊದಲು ನನ್ನ ಸಿಟ್ಟು ಕೇಳಿ, ತಪ್ಪು ಆಮೇಲೆ.

ರಾಣೆಬೆನ್ನೂರಿನ ಮನೆಯಲ್ಲಿ ಆಗ ನಾವೆಲ್ಲ ಒಟ್ಟಿಗಿದ್ದೆವು. ಅಣ್ಣತಮ್ಮಂದಿರು ಸೇರಿ ತಂದ ಒಂದೇ ಕಂಪ್ಯೂಟರ್. ಹೊಲಕ್ಕೆ ಬದು ಹಾಕಿದಂತೆ ಅದನ್ನೂ ಹಂಚಿಕೊಂಡಿದ್ದಿರಿ: ಸಿ ಡ್ರೈವ್ ಕಂಪ್ಯೂಟರ್ ನಡೆಯುವುದಕ್ಕೆ, ಡಿ ಹಿರಿಯರಾದ ನಿಮಗೆ, ಇ ನನ್ನ ಗಂಡನಿಗೆ. ಸೊಸೆಯಂದಿರ ಪಾಲಿಗೆ ಧೂಳು ಒರೆಸುವ ಬಟ್ಟೆ!

ನಾನು ಕಸೂತಿ ಹಾಕುವ ಮಷೀನು ತಂದಿದ್ದೆ. ಅದರ ಡಿಸೈನ್ ಸಾಫ್ಟ್‌ವೇರ್ ಹಾಕಲು ಸಿ-ಯಲ್ಲಿ ಜಾಗವಿಲ್ಲ. ನಮ್ಮ ಇ ಬಹುಪಾಲು ಖಾಲಿ ಬಿದ್ದಿತ್ತು. ಅದನ್ನೇ ಕತ್ತರಿಸಿ ಸಿ-ಗೆ ಸೇರಿಸೋಣವೆಂದರೆ ನಡುವೆ ನಿಮ್ಮ ಡಿ. ತನ್ನ ಪಕ್ಕಕ್ಕೇ ಖಾಲಿ ಜಾಗ ಇದ್ದರಷ್ಟೇ ಸಿ ಬೆಳೆಯುತ್ತದೆ. ಅದಕ್ಕೇ ನಿಮ್ಮನ್ನು ಕೇಳಿದೆ — ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದೆ.

"ನನಗೂ ಒಂದೀಟು ಜಾಗಾ ಬೇಕಾಗೇತ್ರಿ, ಭಾವಾರ."

"ಅದೇನ್ ಹೊಲಿಗಿ ಮಷೀನ್ ಅನ್ಕೊಂಡಿಯೇನವಾ ಗಿರಿಜಾ? ಡಿ ಮುಟ್ಟಬ್ಯಾಡ."

ಮುಟ್ಟಿದೆ. ಮುಟ್ಟಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತೆ. ಡಿ-ಯಲ್ಲಿದ್ದುದನ್ನೆಲ್ಲ ಇ-ಗೆ ನಕಲು ಮಾಡುವುದು, ಡಿ ತೆಗೆಯುವುದು, ಸಿ ಹಿಗ್ಗಿಸುವುದು, ಉಳಿದ ಜಾಗದಲ್ಲಿ ಹೊಸ ಡಿ ಮಾಡಿ ನಿಮ್ಮದನ್ನು ನಿಮಗೆ ಮರಳಿ ಇಡುವುದು. ನೀವು ಬ್ಯಾಡಗಿಯ ಶಾಲೆಯಿಂದ ಬರುವುದರೊಳಗೆ ಎಲ್ಲ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಫೋಟೊಗಳು, ಭಜನೆಗಳು, ಮಕ್ಕಳ ಅಂಕಪಟ್ಟಿ ಒಂದೊಂದಾಗಿ ನಕಲಾದವು. ಕೊನೆಗೆ ನಾಟಕ. ಆರು ವರ್ಷದಿಂದ ಎರಡೇ ಬೆರಳಲ್ಲಿ ಕುಟ್ಟುತ್ತಿದ್ದಿರಲ್ಲ, ಏನು ಬರೆದಿದ್ದಾರೋ ನೋಡೋಣ ಎಂದು ತೆರೆದೆ.

ಒಳಗೆ ನಾನಿದ್ದೆ. ಹೆಸರು ವನಜಾ. ಕಿರಿಸೊಸೆ, ಹೊಲಿಗೆಯವಳು, ಮನೆ ಮುರಿಯುವವಳು. ಎರಡನೆಯ ಅಂಕದಲ್ಲಿ ಬಂದು ನಿಂತು, "ನನಗೂ ಒಂದೀಟು ಜಾಗಾ ಬೇಕಾಗೇತ್ರಿ" ಎನ್ನುತ್ತಾಳೆ. ನಾನು ಕೇಳಿ ನಾಲ್ಕು ದಿನವೂ ಆಗಿರಲಿಲ್ಲ! ಅದರ ಪಕ್ಕದಲ್ಲಿ ಕಂಸ ಹಾಕಿ ಬರೆದಿದ್ದಿರಿ — ಇಲ್ಲಿ ಜನ ನಗಬೇಕು.

ಮೈಯೆಲ್ಲ ಉರಿದುಹೋಯಿತು, ಭಾವಾ. ಹಾವೇರಿಯಲ್ಲಿ ಆಡಿಸಲು ನಿಮ್ಮ ಶಾಲೆಯ ಮಾಸ್ತರರೆಲ್ಲ ತಾಲೀಮಿನ ದಿನ ಗೊತ್ತು ಮಾಡಿಕೊಂಡಿದ್ದರು. ನಮ್ಮ ಬಂಧುಬಳಗವೆಲ್ಲ ಎದುರಿಗೆ ಕುಳಿತು ನನ್ನ ಮಾತಿಗೆ ನಗಬೇಕಿತ್ತೇ? ಚಿಟಿಕೆ ಹೊಡೆಯುವಷ್ಟರಲ್ಲಿ ನಕಲಾಗುವ ಕಡತ ಅದು. ನಾನು ಮಾಡಲಿಲ್ಲ. ಹಾಗೆಯೇ ಡಿ ಅಳಿಸಿದೆ. ನಕಲಾಗಿದ್ದ ಉಳಿದದ್ದನ್ನೆಲ್ಲ ಹೊಸ ಡಿ-ಗೆ ಮರಳಿ ಇಟ್ಟೆ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಇಷ್ಟಕ್ಕೆ ಕ್ಷಮೆ ಕೇಳೆಂದರೂ ಕೇಳುವವಳಲ್ಲ.

ಸಂಜೆ ನೀವು ನಾಟಕ ಹುಡುಕಿದಿರಿ, ಸಿಗಲಿಲ್ಲ. ಬೆಳಿಗ್ಗೆ ಬಸ್ಸು ತಪ್ಪೀತೆಂದು ನೀವು, ನಾಟಕ ತೆರೆದಿದ್ದ ಹಾಗೆಯೇ, ಕಂಪ್ಯೂಟರನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ ಓಡಿದ್ದಿರಿ. ಅದು ನಿಮ್ಮ ದಿನದ ರೂಢಿ. ನನ್ನತ್ತ ತಿರುಗಿ, ಚಿಕ್ಕ ಮಗುವಿನಂತೆ ಕೇಳಿದಿರಿ: "ಗಿರಿಜಾ, ನಾ ಹಂಗ ಬಂದ್ ಮಾಡಿದ್ದಕ್ಕ ಹೋತೇನವಾ?"

ನಾನು ಹೇಳಿದೆ: "ಹೌದ್ರಿ ಭಾವಾರ. ಹಂಗ ಮಾಡಿದ್ರ ತೆರದಿದ್ದೆಲ್ಲಾ ಹೋಗಿಬಿಡ್ತದ್ರಿ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ನೀವು ಮತ್ತೆ ಬರೆಯಲಿಲ್ಲ. ತಾಲೀಮು ನಿಂತಿತು. ಈಗಲೂ, ಬ್ಯಾಡಗಿಯಲ್ಲಿ ಬೇರೆ ಮನೆ ಮಾಡಿದ ಮೇಲೂ, ಕಂಪ್ಯೂಟರ್ ಆರಿಸುವಾಗ ಪರದೆ ಪೂರ್ತಿ ಕಪ್ಪಾಗುವ ತನಕ ನೀವು ಕುರ್ಚಿ ಬಿಟ್ಟು ಏಳುವುದಿಲ್ಲವಂತೆ — ನಿಮ್ಮ ಹೆಂಡತಿ, ನಮ್ಮಕ್ಕ, ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಹೋದ ವಾರ ಹಾವೇರಿಯ ಮದುವೆಯಲ್ಲಿ ಬೀಗರ ಮುಂದೆ ನೀವೇ ಹೇಳಿದಿರಿ: "ಆರು ವರ್ಷದ್ದು, ನನ್ನ ಕೈಯಾರೆ ನಾನ ಹಾಳ ಮಾಡ್ಕೊಂಡೆ." ನಾನು ಪಕ್ಕದ ಪಂಕ್ತಿಯಲ್ಲಿದ್ದೆ. ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ವನಜಾಳನ್ನು ಬರೆದದ್ದು ನಿಮ್ಮ ತಪ್ಪು. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ನಾನು ಅಳಿಸಿದ್ದನ್ನು ನಿಮ್ಮ ತಲೆಗೆ ಕಟ್ಟಿದೆನಲ್ಲ — ಅದು... ಅದು ನನ್ನ ತಪ್ಪು. ಭಾನುವಾರ ಬ್ಯಾಡಗಿಗೆ ಬರುತ್ತೇನೆ. ಅಕ್ಕನ ಎದುರಿಗೇ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು.

ನೀವು ಸ್ವಿಚ್ ಆರಿಸಿ ಹೋದ ಮೇಲೆ ನಾನು ಕಂಪ್ಯೂಟರ್ ಹಚ್ಚಿದಾಗ ನಾಟಕ ಪೂರ್ತಿ ಇತ್ತು, ಭಾವಾ. ಒಂದಕ್ಷರವೂ ಹೋಗಿರಲಿಲ್ಲ.