ಒಂಬತ್ತು ವರ್ಷದ ದುಭಾಷಿ

ದಢೇಸುಗೂರಿನ ಕಾಲುವೆ ಪಕ್ಕದ ಕನ್ನಡ ಶಾಲೆಗೆ ನಾನು ಟೀಚರಾಗಿ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಸಂತೆಕಲ್ಲೂರಿನ ಜೋಳದ ಹೊಲದಲ್ಲಿ ಬೆಳೆದ ನನಗೆ ತೆಲುಗಿನ ಗಂಧವೇ ಇರಲಿಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಭತ್ತದ ನಾಟಿಗೆಂದು ಆಂಧ್ರದಿಂದ ಬಂದು ಗುಡಿಸಲು ಹಾಕಿಕೊಂಡ ಕೂಲಿಯವರ ಮಕ್ಕಳು. ಅವಕ್ಕೆ ಕನ್ನಡ ಬಾರದು. ಹೆಡ್‌ಮಾಸ್ತರರು ಅವರನ್ನು ಹಿಂದಿನ ಗೋಡೆಗೆ ಕೂರಿಸಿಬಿಡಿ ಎಂದರು. ನಾನೋ ಮೊದಲೇ ಹಟಮಾರಿ. ಕನ್ನಡದ ಒಂದು ಮಗು, ತೆಲುಗಿನ ಒಂದು ಮಗು, ಹೀಗೆ ಜೋಡಿ ಮಾಡಿ ಕೂರಿಸಿದೆ.

ಎರಡು ವರ್ಷದಲ್ಲಿ ಆ ತೆಲುಗು ಮಕ್ಕಳಲ್ಲಿ ಒಬ್ಬ ಹುಡುಗಿ ನಮ್ಮೂರವಳ ಹಾಗೇ ಮಾತಾಡತೊಡಗಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಷ್ಟರಲ್ಲಿ ನನಗೂ ಹರಕುಮುರುಕು ತೆಲುಗು ಬಂದಿತ್ತು. ಆದರೂ ಗುಡಿಸಲುಗಳಿಗೆ ಲಸಿಕೆಯ ಸುದ್ದಿಯಿರಲಿ, ರೇಷನ್ ಕಾರ್ಡಿನ ಮಾತಿರಲಿ, ಅವಳ ಬಾಯಿಂದಲೇ ಹೇಳಿಸುತ್ತಿದ್ದೆ. ಒಂಬತ್ತು ವರ್ಷದ ಮಗುವಿಗೆ ಅದು ಭಾರವಾದೀತೆಂದು ನನಗೆ ಹೊಳೆಯಲೇ ಇಲ್ಲ.

ಒಂದು ಶ್ರಾವಣದಲ್ಲಿ ಅವಳ ತಾಯಿಗೆ ಜ್ವರ ಬಂದು ಕಣ್ಣು ಹಳದಿಯಾದವು. ಸಿಂಧನೂರಿಗೆ ಹೊಸದಾಗಿ ಬಂದ ಡಾಕ್ಟರಿಗೆ ತೆಲುಗು ಬರುತ್ತಿರಲಿಲ್ಲ. ನಾನು ಜೊತೆಗೆ ಹೋಗಬೇಕಿತ್ತು. ಮರುದಿನ ಇನ್‌ಸ್ಪೆಕ್ಟರು ಬರುವವರಿದ್ದರೆಂದು ಗೋಡೆಗೆ ಚಾರ್ಟು ಅಂಟಿಸುತ್ತ ಉಳಿದೆ, ತಾಯಿಯ ಜೊತೆ ಆ ಹುಡುಗಿಯನ್ನೇ ಕಳಿಸಿದೆ.

ಸಂಜೆ ಬಂದವಳು ಗುಳಿಗೆ ಕೊಟ್ಟಿದ್ದಾರೆ, ಹೆದರುವಂಥದ್ದೇನಿಲ್ಲವಂತೆ ಎಂದಳು. ತಾಯಿ ಮತ್ತೆ ಕೆಸರಿಗಿಳಿದಳು. ಹತ್ತು ದಿನವೂ ಆಗಿರಲಿಲ್ಲ, ಗದ್ದೆಯಲ್ಲೇ ಕುಸಿದಳು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದರೂ ಜೀವ ಸಿಂಧನೂರು ಮುಟ್ಟಲಿಲ್ಲ.

ಮಣ್ಣಾದ ಮೇಲೆ ಗುಡಿಸಲಿಗೆ ಹೋದೆ. ಹುಡುಗಿ ನನ್ನನ್ನು ಹಿಂದುಗಡೆ ಕರೆದೊಯ್ದಳು.

"ಅಡ್ಮಿಟ್ ಮಾಡ್ರಿ, ನೀರಾಗ ಇಳಿಸಬ್ಯಾಡ್ರಿ ಅಂತ ಡಾಕ್ಟರು ಅಂದಿದ್ರು, ಟೀಚರ್ರಿ. ನಾ ಅವ್ವಗ ಹೇಳಲಿಲ್ಲ."

ಯಾಕೆಂದು ಕೇಳಿದೆ.

"ಆಕಿ ಮಲಗಿದ್ರ ಆಕಿ ಜಾಗದಾಗ ನಾ ನಾಟಿಗೆ ನಿಲ್ಲಬೇಕಿತ್ರಿ. ಸಾಲಿ ಬಿಡಿಸ್ತಿದ್ರು."

ನಾಟಿ ಗುಂಪಿನ ಕಟ್ಟಳೆ ನನಗೂ ಗೊತ್ತಿದ್ದದ್ದೇ. ಗುಂಪಾಗಿ ಕೆಲಸ ಹಿಡಿದವರಲ್ಲಿ ಒಬ್ಬಳು ಬಿದ್ದರೆ ಅವಳ ಮನೆಯಿಂದಲೇ ಇನ್ನೊಬ್ಬರು ಗದ್ದೆಗಿಳಿಯಬೇಕು. ಏನು ಬಿಟ್ಟರೂ ಶಾಲೆ ಬಿಡಬೇಡವೆಂದು ಆ ಮಗುವಿಗೆ ದಿನವೂ ಗಿಣಿಗೆ ಹೇಳಿದ ಹಾಗೆ ಹೇಳಿದವಳೂ ನಾನೇ.

ಮೂರನೇ ದಿನ ನಾನು ಶಾಲೆಗೆ ಹೋಗುವಾಗ ಅವಳು ಹೆಂಗಸರ ನಡುವೆ ಕೆಸರಿನಲ್ಲಿ ಬಾಗಿ ನಿಂತಿದ್ದಳು. ನಾನು ಬದುವಿನ ಮೇಲೆ ನಿಂತೆ. ನಿನ್ನ ತಪ್ಪಲ್ಲ ಎನ್ನಬೇಕಿತ್ತು. ಹಾಗೆಂದರೆ ಯಾರದೆಂದೂ ಹೇಳಬೇಕಾಗುತ್ತಿತ್ತು. ಗಂಟೆ ಹೊಡೆಯುವ ಹೊತ್ತಾಯಿತೆಂದು ನಡೆದುಬಿಟ್ಟೆ.