ಒತ್ತಿ ಹಿಡಿದ ಕತ್ತಲು

ಕರೆಂಟಕ್ಕ ಮೀನಿನ ಬುಟ್ಟಿಯಲ್ಲಿ ಕೂತದ್ದು ಗ್ರಹಣಕ್ಕೆ ಎರಡು ದಿನ ಮೊದಲು. ಶಾಲೆಯ ಮಕ್ಕಳಿಗೆಂದು ಟೀಚರ್ ತರಿಸಿದ್ದ ರಟ್ಟಿನ ಕಪ್ಪು ಕನ್ನಡಕಗಳ ಕಟ್ಟು ಆಗಷ್ಟೇ ದೋಣಿಯಲ್ಲಿ ದ್ವೀಪಕ್ಕೆ ಬಂದಿಳಿದಿತ್ತು. “ಎಲ್ಲಿ, ಕೊಡಿ ನೋಡೋಣ” ಎಂದು ಕರೆಂಟಕ್ಕ ಒಂದನ್ನು ಎಳೆದುಕೊಂಡು ಮೂಗಿಗೇರಿಸಿದಳು. ಆ ಕನ್ನಡಕದಲ್ಲಿ ಸೂರ್ಯನೊಬ್ಬನನ್ನು ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ; ಅವಳ ಮುಖವೋ ಸೂರ್ಯನ ಕಡೆಗಿರಲಿಲ್ಲ. “ಅಯ್ಯಯ್ಯೋ!” ಎಂದು ಕೈ ಚಾಚಿಕೊಂಡು ನಾಲ್ಕು ಹೆಜ್ಜೆ ಓಡಿ, ದೋಣಿ ನಿಲ್ಲುವ ಧಕ್ಕೆಯ ಮೇಲಿದ್ದ ಬುಟ್ಟಿಗೆ ಎಡವಿ, ಹಸಿ ಮೀನಿನ ಮೇಲೆ ಧೊಪ್ಪನೆ ಕುಳಿತುಬಿಟ್ಟಳು.

“ಕನ್ನಡಕ ತೆಗಿಯೇ, ತೆಗಿ!” ಟೀಚರ್ ಕೂಗಿದರು.

“ಎಲ್ಲಿದೆ ಅಂತ ಕಂಡ್ರಲ್ವಾ ತೆಗಿಯೋದು!”

ದೋಣಿ ನಡೆಸುವ ಅವಳ ಗಂಡ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. “ಇವತ್ತು ಮೀನು ಕೊಳ್ಳೋದು ಬೇಡ, ಇವಳ ಪ್ಯಾಂಟ್ ಹಿಂಡಿದ್ರೆ ಸಾಕು.”

ಕಾಗದಪತ್ರದಲ್ಲಿ ಅವಳ ಹುದ್ದೆ ಲೈನ್‌ಮ್ಯಾನ್. ಕೆಲಸಕ್ಕೆ ಸೇರಿದ ದಿನ ಶಾಕ್ ಹೊಡೆದದ್ದು ದ್ವೀಪಕ್ಕೆ, ಅವಳಿಗಲ್ಲ. “ಲೈನ್ ಸರಿ, ಮ್ಯಾನ್ ಎಲ್ಲಮ್ಮಾ?” ಎಂದು ಕೇಳಿದವರಿಗೆ “ಮನೇಲಿ ಪಾತ್ರೆ ತೊಳೀತಿದೆ” ಎಂದು ಕಂಬ ಏರಿದವಳು. ಬಿರುಗಾಳಿಗೆ ತಂತಿ ಕಡಿದರೆ ಗಂಡಸರು ಕಿಟಕಿಯ ಸಂದಿಯಲ್ಲಿ ಮೂಗು ತೂರಿಸಿ ನೋಡುತ್ತಿರುವಾಗ, ಇವಳು ಸೊಂಟಕ್ಕೆ ಬೆಲ್ಟ್ ಬಿಗಿದು, ಬಾಯಲ್ಲಿ ಇಕ್ಕಳ ಕಚ್ಚಿಕೊಂಡು ಮೇಲೆ ತೂಗಾಡುತ್ತಿರುತ್ತಾಳೆ. ಉಪ್ಪುಗಾಳಿ ತಿನ್ನುವ ಕಬ್ಬಿಣವನ್ನೆಲ್ಲ ಉಜ್ಜಿ, ಗ್ರೀಸ್ ಹಚ್ಚಿ, ಬೈದು, ಬದುಕಿಸಿಕೊಂಡು ಬಂದಿದ್ದಾಳೆ. ಯಾರ ಮನೆಯ ದೀಪ ಹೋದರೂ ಹೇಳಿ ಕಳಿಸುವ ಮೊದಲೇ ಏಣಿ ಹೊತ್ತು ಹಾಜರು. ತನಗೆ ಅಕ್ಷರ ಕಲಿಸಿದ ಟೀಚರ್ ಮನೆಗಂತೂ ಮೆಟ್ಟಿಲು, ಬಚ್ಚಲು, ಹಿತ್ತಿಲು ಎಂದು ಕೇಳದಿದ್ದರೂ ಬಲ್ಬು ಹಾಕಿಕೊಟ್ಟಿದ್ದಳು. “ಕತ್ತಲಲ್ಲಿ ಓಡಾಡ್ಬೇಡಿ ಟೀಚರ್, ನನ್ನಾಣೆ.”

ಇಂಥವಳು ತನ್ನ ಶಿಷ್ಯೆಯೆಂದು ಟೀಚರ್‌ಗೆ ಒಳಗೊಳಗೇ ಹೆಮ್ಮೆ. ಎದುರಿಗೆ ಮಾತ್ರ ಬೈಗುಳ.

ಈಗ ಟೀಚರ್ ಮಾನ ಅವಳ ಕೈಯಲ್ಲೇ ಇತ್ತು. ಸೇವೆಯುದ್ದಕ್ಕೂ ಮಕ್ಕಳಿಗೆ “ಹಗಲಲ್ಲೇ ನಕ್ಷತ್ರ ತೋರಿಸ್ತೀನಿ” ಎಂದು ಗದರಿಸುತ್ತ ಬಂದ ಟೀಚರ್‌ಗೆ, ನಿವೃತ್ತಿಯ ಹೊಸ್ತಿಲಲ್ಲಿ ಅದನ್ನು ನಿಜವಾಗಿ ತೋರಿಸುವ ಯೋಗ ಒದಗಿತ್ತು. ಪೂರ್ಣ ಸೂರ್ಯಗ್ರಹಣದ ನೆರಳು ನೇರ ದ್ವೀಪದ ಮೇಲೇ ಹಾಯುವುದಿತ್ತು. ವರ್ಷವಿಡೀ ಅದೇ ಪಾಠ. ಮೋಡ ಕೈಕೊಟ್ಟೀತು ಎಂದು ಹೆದರಿದ್ದರೆ, ಕುತ್ತು ಬಂದದ್ದು ನೆಲದಿಂದ. ಹೊಸದಾಗಿ ನೆಟ್ಟ ಬೀದಿದೀಪಗಳು ಕತ್ತಲಾದೊಡನೆ ತಾವಾಗಿಯೇ ಹೊತ್ತಿಕೊಳ್ಳುವ ಜಾತಿಯವು. ಅವು ಹೊತ್ತಿಕೊಂಡರೆ ನಕ್ಷತ್ರಕ್ಕೆ ಎಳ್ಳುನೀರು.

“ಗ್ರಹಣ ಯಾವ್ದು, ಸಂಜೆ ಯಾವ್ದು ಅಂತ ನಿನ್ನ ದೀಪಗಳಿಗೆ ಗೊತ್ತಾಗಲ್ವೇನೇ?”

“ಅಷ್ಟು ಬುದ್ಧಿ ಇದ್ದಿದ್ರೆ ನಿಮ್ಮ ಶಾಲೆಗೇ ಸೇರಿಸ್ತಿದ್ದೆ ಟೀಚರ್.”

ಮೇನ್ ಸ್ವಿಚ್ಚನ್ನೇ ಆರಿಸೋಣವೆಂದರೆ ಅದೇ ಲೈನಿನಲ್ಲಿ ಆಸ್ಪತ್ರೆ. ಬೀದಿದೀಪಕ್ಕೆ ಮಾತ್ರ ಸೇರಿದ ಕೆಂಪು ಗುಂಡಿಯೊಂದು ಧಕ್ಕೆಯ ಮೂಲೆಯ ಪ್ಯಾನೆಲ್ ಕೋಣೆಯಲ್ಲಿತ್ತು. ಒತ್ತಿ ಹಿಡಿದಷ್ಟು ಹೊತ್ತು ದೀಪ ಹೊತ್ತುವುದಿಲ್ಲ. ಬೆರಳು ತೆಗೆದರೆ ಊರೆಲ್ಲ ಝಗ್ಗೆನ್ನುತ್ತದೆ.

ಗ್ರಹಣದ ದಿನ ಆ ಕೋಣೆಯ ಬಾಗಿಲಲ್ಲಿ ನಿಂತು ಟೀಚರ್ ಕೇಳಿದರು: “ಹಗ್ಗ ಬಿಗಿದು ಕಟ್ಟಿದ್ರೆ ಆಗಲ್ವೇನೇ?”

“ಜಾರಿದ್ರೆ? ಮಕ್ಕಳ ಮುಂದೆ ನಿಮ್ಮ ಮರ್ಯಾದೆ ಏನಾಗ್ಬೇಕು? ನಾನೇ ಒಳಗೆ ಕೂತು ಹಿಡ್ಕೋತೀನಿ.”

“ಜನ್ಮದಲ್ಲಿ ಇನ್ನೊಂದ್ಸಲ ಸಿಗಲ್ಲ ಕಣೇ ಇದು!”

“ನಿಮ್ಮ ಮಕ್ಕಳು ನೋಡಿದ್ರೆ ನಾನು ನೋಡಿದ ಹಾಗೇ. ಹೋಗಿ ಟೀಚರ್” ಎಂದು ಕರೆಂಟಕ್ಕ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದಿಗೆ ಟೀಚರ್ ಬಾಗಿಲ ಮೇಲೆ ಅಂಗೈ ಇಟ್ಟರು. ಆಸೆ ತಡೆಯಲಾರದೆ ಹೊರಗೆ ಬಂದುಬಿಟ್ಟೇನೆಂದು ತನ್ನನ್ನು ತಾನೇ ಕೂಡಿಹಾಕಿಕೊಂಡಳಲ್ಲ, ಹುಡುಗಿ!

ಧಕ್ಕೆಯ ಮೇಲೆ ಇಡೀ ಊರೇ ನೆರೆದಿತ್ತು. ಬಿಸಿಲಿದ್ದೂ ಬಿಸಿಲಿಗೆ ಸತ್ವವಿಲ್ಲ. ಕಡಲು ಉಕ್ಕಿನ ತಗಡಿನಂತಾಯಿತು. ಮೈಗೆ ತಣ್ಣನೆ ಗಾಳಿ ತಾಗಿತು. ಕಡಲಹಕ್ಕಿಗಳು ಏನೋ ಮರೆತವರಂತೆ ಗೂಡಿನ ಕಡೆ ತಿರುಗಿದವು. ನೀರಿನ ಮೇಲೆ ದೂರದಿಂದ ನೆರಳೊಂದು ಓಡೋಡಿ ಬಂದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಲ್ಲರನ್ನೂ ನುಂಗಿತು.

ಟೀಚರ್ ಮೊದಲು ನೋಡಿದ್ದು ಆಕಾಶವನ್ನಲ್ಲ, ಕಂಬಗಳನ್ನು. ಒಂದು ದೀಪವೂ ಮಿಸುಕಲಿಲ್ಲ. ಪ್ಯಾನೆಲ್ ಕೋಣೆಯ ಬಾಗಿಲ ಕೆಳಗೆ ಮಾತ್ರ ನೂಲಿನಷ್ಟು ಬೆಳಕಿತ್ತು. ಆಮೇಲೆ ತಲೆಯೆತ್ತಿದರು. ಕಪ್ಪು ಬಿಲ್ಲೆಯೊಂದರ ಸುತ್ತ ಬಿಳಿಯ ರೇಷ್ಮೆ ಎಳೆಗಳು. ಅದರಾಚೆ ಅಲ್ಲೊಂದು ಇಲ್ಲೊಂದು ಮಿಣುಕು. ಕನ್ನಡಕ ತೆಗೆಯಿರಿ ಎಂದು ಮಕ್ಕಳಿಗೆ ಕೈಸನ್ನೆ ಮಾಡಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಚೀರಿದಳು: “ಟೀಚರ್, ನಾನೇನೂ ತಪ್ಪು ಮಾಡಿಲ್ಲ, ಆದ್ರೂ ನಕ್ಷತ್ರ ಕಾಣ್ತಿದೆ!”

ಟೀಚರ್ ಅತ್ತೂ ನಕ್ಕೂ ಮುಗಿಸುವಷ್ಟರಲ್ಲಿ ಸೂರ್ಯನ ಅಂಚು ಫಳ್ಳನೆ ಹೊಳೆಯಿತು. ಕೋಳಿಗಳು ಪೆಚ್ಚಾಗಿ ಮತ್ತೊಮ್ಮೆ ಕೂಗಿದವು.

ಪೂರ್ತಿ ಬೆಳಕಾದ ಮೇಲೆ ಟೀಚರ್ ಹೋಗಿ ಬಾಗಿಲು ಬಡಿದರು. ಕರೆಂಟಕ್ಕ ಕಣ್ಣು ಕಿರಿದು ಮಾಡಿಕೊಂಡು ಹೊರಬಂದಳು; ಹೆಬ್ಬೆರಳು ಕೆಂಪಗೆ ಕಂದಿತ್ತು. ಜನ ಚಪ್ಪಾಳೆ ತಟ್ಟಿದರು. ಮೀನಿನ ಬುಟ್ಟಿ ನೆನೆದು ನಕ್ಕವರೇ ಈಗ ಜೋರಾಗಿ ತಟ್ಟುತ್ತಿದ್ದರು. ಟೀಚರ್ ಆ ಹೆಬ್ಬೆರಳನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

“ಊರಿಗೆಲ್ಲ ತೋರಿಸಿ ನೀನೊಬ್ಬಳೇ ಕಳ್ಕೊಂಡ್ಯಲ್ಲೇ. ಒಂದ್ಸಲನಾದ್ರೂ ಬಾಗಿಲು ತೆಗೆದು ಇಣುಕ್ಬೇಕು ಅನ್ನಿಸ್ಲಿಲ್ವೇನೇ ನಿಂಗೆ?”

ಕರೆಂಟಕ್ಕ ಅತ್ತಿತ್ತ ನೋಡಿ ಟೀಚರ್ ಕಿವಿಯ ಹತ್ತಿರ ಬಾಗಿದಳು.

“ಹಗ್ಗ ಕಟ್ಟಿದ್ರೆ ಧಾರಾಳವಾಗಿ ಸಾಕಾಗ್ತಿತ್ತು ಟೀಚರ್. ನಂಗೆ ಕತ್ತಲಂದ್ರೆ ಭಯ. ಒಳಗೆ ಬಲ್ಬ್ ಹಾಕ್ಕೊಂಡು ಕೂತಿದ್ದೆ.”