ಗುರಪ್ಪ ವಕೀಲರು ಹೊಗಳಿದ ದಿನ

ಹೇಳಬಾರದು, ಆದರೂ ಹೇಳುತ್ತೇನೆ: ನನಗೆ ಶ್ರದ್ಧಾಂಜಲಿ ಸಭೆಗಳೆಂದರೆ ಬಲು ಇಷ್ಟ. ಸತ್ತವರ ಬಗ್ಗೆ ಅಷ್ಟೊಂದು ಒಳ್ಳೆಯ ಮಾತು ಕೇಳುವಾಗ ಬದುಕಿರುವ ನನಗೂ ಒಂಚೂರು ಆಸೆಯಾಗುತ್ತದೆ. ಜಮಖಂಡಿಯಲ್ಲಿ ಇತಿಹಾಸದ ಮಾಸ್ತರನಾಗಿದ್ದ ತಪ್ಪಿಗೆ, ದೊಡ್ಡವರು ಯಾರೇ ತೀರಿಕೊಂಡರೂ ನಾಲ್ಕು ಮಾತಾಡುವ ಕೆಲಸ ನನ್ನ ಕೊರಳಿಗೇ ಬೀಳುತ್ತಿತ್ತು. ತರಗತಿಯಲ್ಲಿ ರಾಜರ ಗುಣದೋಷ ತೂಗುವುದು ಸುಲಭ. ಮೌರ್ಯರ ಕಡೆಯವರು ಯಾರೂ ಮುಂದಿನ ಸಾಲಿನಲ್ಲಿ ಕೂತಿರುವುದಿಲ್ಲ.

ದಿಲ್ಲಿಯ ಆ ದೊಡ್ಡ ನಾಯಕರು ತೀರಿಕೊಂಡಾಗ ಮಾತ್ರ ನನಗೆ ಪುಕಪುಕ ಶುರುವಾಯಿತು. ಕಾರಣ ನಮ್ಮ ಮಲ್ಲಪ್ಪ ಕಾಕಾ. ಅವರಿಗೆ ಆ ನಾಯಕರೆಂದರೆ ದೇವರು. ಕಾಕಾನ ಜೀವದ ಗೆಳೆಯ ಗುರಪ್ಪ ವಕೀಲರಿಗೋ, ಆ ಹೆಸರು ಕೇಳಿದರೇ ಮೈಯೆಲ್ಲ ಉರಿ. ದಿನಾ ಸಂಜೆ ಚಹಾದಂಗಡಿಯಲ್ಲಿ ಒಬ್ಬರದು ಪೂಜೆ, ಇನ್ನೊಬ್ಬರದು ಮಂಗಳಾರತಿ. ಹೊಳೆಗೆ ಒಡ್ಡು ಕಟ್ಟಿಸುತ್ತೇನೆಂದು ಚುನಾವಣೆಯಲ್ಲಿ ಮಾತು ಕೊಟ್ಟ ನಾಯಕರು ಅದನ್ನು ಮರೆತೇಬಿಟ್ಟರು, ಕೊನೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ಮೈಮುರಿದು ಬ್ಯಾರೇಜು ಕಟ್ಟಿಕೊಳ್ಳಬೇಕಾಯಿತು ಎಂಬುದು ವಕೀಲರ ಕೊನೆಯ ಬಾಣ. ಇಬ್ಬರೂ ಅಲ್ಲಿ ಮಣ್ಣಿನ ಬುಟ್ಟಿ ಹೊತ್ತವರೇ. ಈ ಬಾಣ ಬಂದಾಗಲೆಲ್ಲ ಕಾಕಾ ಬಸಿಗೆ ಚಹಾ ಸುರುವಿಕೊಂಡು ಸೊರ್ರನೆ ಕುಡಿಯುತ್ತಿದ್ದರು.

ಸಭೆಯಲ್ಲಿ ನಾನು ಗುಣಕ್ಕೆ ಗುಣ, ದೋಷಕ್ಕೆ ದೋಷ ಅಳೆದು ಮಾತಾಡಿದೆ. ಜನ ಆಕಳಿಸಿದರು. ಆಮೇಲೆ ವಕೀಲರು ಎದ್ದರು. ಇನ್ನು ಮಂಗಳಾರತಿಯೇ ಎಂದುಕೊಂಡೆವು. ಆದರೆ ಸತ್ತವರ ಮೇಲೆ ಕೆಟ್ಟ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ! ಮುತ್ಸದ್ದಿ, ನಿಗರ್ವಿ, ದೇಶದ ಕಣ್ಣು ಎಂದು ವಕೀಲರು ಹೊಗಳಿದ್ದೇ ಹೊಗಳಿದ್ದು. ಮುಂದಿನ ಸಾಲಿನಲ್ಲಿದ್ದ ಕಾಕಾನ ಮುಖ ಅರಳಬೇಕಿತ್ತು, ಬಾಡಿತು.

ಸಂಜೆ ಅಂಗಡಿಯಲ್ಲಿ ಕಾಕಾನ ಚಹಾ ಕೆನೆಗಟ್ಟಿತು, ಕಾಕಾ ಮುಟ್ಟಲಿಲ್ಲ.

"ಯಾಕೋ ಮಲ್ಯಾ, ಛಲೋ ಮಾತಾಡಲಿಲ್ಲೇನು ನಾ?" ಎಂದರು ವಕೀಲರು.

"ನೀ ಬೈಯೂತನಕ ಸಾಹೇಬ್ರು ಇನ್ನೂ ಅದಾರ ಅನ್ನಿಸ್ತಿತ್ತಲೇ ಗುರ್ಯಾ. ಇವತ್ತ ನೀ ಹೊಗಳಿದಿ ನೋಡು, ಖರೇನ ಹ್ವಾದ್ರು ಅನ್ನಿಸ್ತು."

ಕಾಕಾನ ಕಣ್ಣು ತುಂಬಿ ಬಂತು. ವಕೀಲರು ಟೊಪ್ಪಿಗೆ ತೆಗೆದು ತಿರುವಿದರು. ಆಮೇಲೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅದಿರಲಿ. ಒಡ್ಡು ಕಟ್ಟಸ್ತೇನಿ ಅಂತ ಹೇಳಿ ಎಲ್ಲಿ ಮಕ್ಕೊಂಡಿದ್ದನೋ ನಿಮ್ಮ ಸಾಹೇಬ?"

ಕಾಕಾ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. ಇಷ್ಟು ವರ್ಷ ಸಿಗದ ಉತ್ತರ ಅಂದು ಸಿಕ್ಕಿತು.

"ಅವ್ರು ಕಟ್ಟಿಸಿ ಕೊಟ್ಟಿದ್ರ ನೀ ಬುಟ್ಟಿ ಹೊರ್ತಿದ್ದೇನಲೇ? ನಮ್ಮ ಕೈಯಾಗ ಏನೈತಿ ಅಂತ ನಮಗ ತೋರಿಸಿದವ್ರ ಅವ್ರು!"

ವಕೀಲರು ಟೇಬಲ್ ಗುದ್ದಿದರು. ಅಂಗಡಿಯವನು ಕೇಳದೆಯೇ ಮತ್ತೆರಡು ಚಹಾ ತಂದಿಟ್ಟ. ನಾಯಕರು ಬದುಕಿಕೊಂಡರು.

ಅಂದಿನಿಂದ ನನಗೆ ಹೊಗಳಿಕೆಯ ಆಸೆ ಬಿಟ್ಟುಹೋಗಿದೆ. ನಾನು ಹೋದ ಮೇಲೂ ಬಿಡದೆ ಬೈಯುವ ಒಬ್ಬರು ಸಿಕ್ಕರೆ ಸಾಕು ಎಂದು ಮನೆಯಲ್ಲಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ.

"ಅದಕ್ಕ ಹೊರಗಿನವ್ರು ಯಾಕ ಬೇಕ್ರಿ?" ಎಂದಳು.